ಅಯ್ಯನವರು ಬಾರದ ಭಾನುವಾರಕ್ಕೆ ಸಭಿಕರನ್ನು ತಯಾರು ಮಾಡುವುದು ಹೇಗೆ?

ಒಬ್ಬ ಸಭಾಪಾಲಕರು (ಪಾದ್ರಿ, ಜನರ ಬಾಯಲ್ಲಿ ಅಯ್ಯನವರು), ಪೇಟೆಯಲ್ಲೊಂದು ದೊಡ್ಡ ಸಭೆ, ಸುತ್ತಲಿನ ಹಳ್ಳಿಗಳಲ್ಲಿ ನಾಲ್ಕೈದು ಚಿಕ್ಕ ಸಭೆ. ಸಿ.ಎಸ್.ಐ.ನ, ಅಂದರೆ ದಕ್ಷಿಣ ಇಂಡಿಯಾ ಸಭೆಯ, ಗ್ರಾಮಾಂತರ ಪಾಸ್ಟರೇಟುಗಳಲ್ಲಿ (ಒಬ್ಬ ಸಭಾಪಾಲಕರ ಕೈಕೆಳಗಿನ ಸಭೆಗಳ ಗುಂಪು) ಇದು ಸಾಮಾನ್ಯ. ತಿಂಗಳಿಗೆ ಭಾನುವಾರ ನಾಲ್ಕು, ಹೆಚ್ಚೆಂದರೆ ಐದು. ಲೆಕ್ಕ ಹಾಕಿದರೆ ಒಂದೊಂದು ಹಳ್ಳಿಗೂ ಅಯ್ಯನವರು ತಿಂಗಳಿಗೊಮ್ಮೆ ಬಂದರೆ ಅದೇ ಪುಣ್ಯ. ಉಳಿದ ಮೂರು ವಾರ ಆರಾಧನೆ ನಡೆಸುವವರು ಮೇಷ್ಟ್ರು, ನರ್ಸಮ್ಮ, ರೈತ, ಅಂಗಡಿಯವರು. ಅವರಿಗೆ ‘ಸಹಾಯಕರು’ ಎಂದು ಹೆಸರಿಟ್ಟಿದ್ದೇವೆ, ಆದರೆ ಆ ಹಳ್ಳಿಯ ಮಟ್ಟಿಗೆ ಸಭೆ ನಿಂತಿರುವುದೇ ಅವರ ಮೇಲೆ. ಇಂಥವರನ್ನು ತಯಾರು ಮಾಡುವ ಐದು ತಿಂಗಳ ಕ್ರಮವೊಂದು ಇಲ್ಲಿದೆ. ಪೇಟೆಯ ದೊಡ್ಡ ಸಭೆಗೂ ಇದು ಹೊಂದುತ್ತದೆ, ಬೇಡದ ಭಾಗ ಬಿಟ್ಟರಾಯಿತು.

ಶುರುಮಾಡುವ ಮುನ್ನ ನಿಮ್ಮ ಸಭೆ ಯಾವ ಬೇರಿನಿಂದ ಬಂದದ್ದು ಎಂದು ತಿಳಿದುಕೊಳ್ಳಿ. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಇಂಡಿಯಾ ಸಭೆ ಒಂದಾದಾಗ ಬೇರೆ ಬೇರೆ ಪದ್ಧತಿಗಳು ಒಂದೇ ಮನೆಗೆ ಬಂದವು. ಮೈಸೂರು, ತುಮಕೂರು ಕಡೆಯ ವೆಸ್ಲಿಯನ್ ಮೆಥೊಡಿಸ್ಟರಲ್ಲಿ ಸಾಮಾನ್ಯ ವಿಶ್ವಾಸಿಯೂ ಪ್ರಸಂಗ (ಆರಾಧನೆಯ ಉಪದೇಶ) ಮಾಡುವ ರೂಢಿ ಮೊದಲಿನಿಂದ ಇತ್ತು. ಆಂಗ್ಲಿಕನ್ ಹಿನ್ನೆಲೆಯ ಸಭೆಗಳಲ್ಲಿ ಪುಸ್ತಕ ಹಿಡಿದು ಆರಾಧನೆ ನಡೆಸುವ, ದೀಕ್ಷೆ ಪಡೆಯದ ಲೇ ರೀಡರ್ ಇದ್ದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಸಭೆಗಳಲ್ಲಿ ಹಿರಿಯರು ಮತ್ತು ಉಪದೇಶಿಗಳ ಮಾತಿಗೆ ತೂಕ. ಈ ನಿರೀಕ್ಷೆಗಳು ಇಂದಿಗೂ ಪೂರ್ತಿ ಹೋಗಿಲ್ಲ. ಒಂದು ಕಡೆ ಎಲ್ಲರೂ ಒಪ್ಪಿದ ತರಬೇತಿಗೆ ಇನ್ನೊಂದು ಕಡೆ “ಇವರ್ಯಾರು ನಮಗೆ ಹೇಳಲಿಕ್ಕೆ” ಎಂಬ ಮಾತು ಬಂದರೆ ಕಾರಣ ಹಲವು ಸಲ ಇಲ್ಲೇ ಇರುತ್ತದೆ.

ಮೊದಲು ಕೆಲಸ, ಆಮೇಲೆ ಹೆಸರು

‘ನಾಯಕತ್ವ ಶಿಬಿರ’ ಎಂದು ಬ್ಯಾನರ್ ಕಟ್ಟಿ, ಹೊರಗಿನಿಂದ ಭಾಷಣಕಾರರನ್ನು ಕರೆಸಿ, ಸಂಜೆ ಸರ್ಟಿಫಿಕೇಟ್ ಹಂಚಿದರೆ ಫೋಟೋ ಚೆನ್ನಾಗಿ ಬರುತ್ತದೆ. ಮರುವಾರ ಆರಾಧನೆಯಲ್ಲಿ ಸತ್ಯವೇದದ (ಬೈಬಲಿನ) ಪಾಠ ಓದುವವರು ಹಳಬರೇ. ನಾಯಕತ್ವ ಎಂದು ಒಟ್ಟಾರೆ ಕಲಿಸಲು ಹೋದರೆ ಆಗುವುದೇ ಹೀಗೆ. ಕಲಿಸಲಿಕ್ಕೆ ಬರುವುದು ಒಂದೊಂದು ಕೆಲಸ ಮಾತ್ರ.

ಆದ್ದರಿಂದ ಪಾಸ್ಟರೇಟ್ ಕಮಿಟಿ ಒಂದು ಸಂಜೆ ಕೂತು ಹಾಳೆಯ ಮೇಲೆ ಕೆಲಸಗಳನ್ನು ಬರೆಯಲಿ: ಭಾನುವಾರದ ಆರಾಧನೆ ನಡೆಸುವುದು, ಪಾಠ ಓದುವುದು, ಪ್ರಸಂಗ, ಭಾನುವಾರ ಶಾಲೆ, ರೋಗಿಗಳ ಭೇಟಿ, ಮನೆಕೂಟ, ಶವಸಂಸ್ಕಾರ, ಕಾಣಿಕೆ ಎಣಿಕೆ, ಲೆಕ್ಕ, ರಿಜಿಸ್ಟರು, ಸ್ತ್ರೀಯರ ಕೂಟ, ಯುವಜನ ಕೂಟ. ಪ್ರತಿಯೊಂದರ ಎದುರು ಈಗ ಮಾಡುತ್ತಿರುವವರ ಹೆಸರು, ಅವರ ವಯಸ್ಸು, ಅವರು ನಾಳೆ ಊರು ಬಿಟ್ಟರೆ ಯಾರು ಎಂಬ ಮೂರನ್ನು ಬರೆಯಿರಿ. ಮೂರನೆಯ ಕಾಲಂ ಖಾಲಿ ಇರುವ ಕೆಲಸಗಳಿಗೇ ಮೊದಲ ತರಬೇತಿ. ಒಂದೇ ಹೆಸರು ಆರು ಕಡೆ ಬಂದಿದ್ದರೆ ಆ ಮನುಷ್ಯನಿಗೆ ಬಿಡುವು ಕೊಡಿಸುವುದೂ ಈ ತರಬೇತಿಯ ಉದ್ದೇಶ ಎಂದು ಬರೆದುಕೊಳ್ಳಿ. ಒಬ್ಬನೇ ಎಲ್ಲ ಹೊರಬೇಡ, ಹಂಚಿಕೊಡು ಎಂದು ಬೈಬಲಿನಲ್ಲಿ ಇತ್ರೋ ಮಾವನು ಮೋಶೆಗೆ ಹೇಳಿದ್ದು ಇದನ್ನೇ ತಾನೆ.

ಆಯ್ಕೆ

ಎಂಟರಿಂದ ಹತ್ತು ಮಂದಿ ಸಾಕು. ಹನ್ನೆರಡು ದಾಟಿದರೆ ಎಲ್ಲರಿಗೂ ನಿಂತು ಅಭ್ಯಾಸ ಮಾಡುವ ಸರದಿ ಸಿಗುವುದಿಲ್ಲ, ತರಬೇತಿ ಮತ್ತೆ ಭಾಷಣವಾಗುತ್ತದೆ.

ಹೆಸರು ಹುಡುಕಲು ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಎಲ್ಲರಿಗೂ ಚೀಟಿ ಕೊಡಿ. “ಯಾರು ಒಳ್ಳೆಯ ನಾಯಕರು?” ಎಂದು ಕೇಳಬೇಡಿ, ಚುನಾವಣೆಯ ವಾಸನೆ ಹತ್ತುತ್ತದೆ. ಹೀಗೆ ಕೇಳಿ: “ರಾತ್ರಿ ಹತ್ತು ಗಂಟೆಗೆ ಮನೆಯಲ್ಲಿ ಕಷ್ಟ ಬಂತು, ಅಯ್ಯನವರು ಊರಲ್ಲಿಲ್ಲ. ಸಭೆಯವರಲ್ಲಿ ಯಾರ ಬಾಗಿಲು ತಟ್ಟುತ್ತೀರಿ?” ಹೆಸರಿಲ್ಲದ ಚೀಟಿ, ಎರಡೇ ಉತ್ತರ. ಮುಂದಿನ ಸಾಲಿನಲ್ಲಿ ಕೂರದ, ಕಮಿಟಿಯಲ್ಲಿ ಎಂದೂ ಇರದ ಒಂದಿಬ್ಬರ ಹೆಸರು ಹೀಗೆ ಮೇಲೆ ಬರುತ್ತದೆ, ಸಾಮಾನ್ಯವಾಗಿ ಹೆಂಗಸರದು.

ಆ ಪಟ್ಟಿಗೆ ಕೆಲವು ಕಟ್ಟುಪಾಡು ಹಾಕಿ. ಒಂದು ಮನೆತನದಿಂದ ಒಬ್ಬರು. ಅರ್ಧದಷ್ಟು ಹೆಂಗಸರು. ಮೂವತ್ತರೊಳಗಿನವರು ಕನಿಷ್ಠ ಇಬ್ಬರು. ಹಳ್ಳಿ ಸಭೆಗಳಿದ್ದರೆ ಪ್ರತಿ ಹಳ್ಳಿಯಿಂದ ಇಬ್ಬರು, ಏಕೆಂದರೆ ಒಬ್ಬರೇ ಇದ್ದರೆ ಎರಡನೇ ತಿಂಗಳಿಗೆ ಬರುವುದು ನಿಲ್ಲುತ್ತದೆ. ಮುಂದಿನ ಆರು ತಿಂಗಳಲ್ಲಿ ಕಮಿಟಿ ಚುನಾವಣೆ ಇದ್ದರೆ ತರಬೇತಿಯನ್ನು ಮುಂದೂಡಿ, ಇಲ್ಲವಾದರೆ ಕಲಿಯುವ ಗುಂಪೇ ಒಂದು ಪಾರ್ಟಿ ಎಂದು ಊರು ತೀರ್ಮಾನಿಸಿಬಿಡುತ್ತದೆ. ಹೊಸದಾಗಿ ನಂಬಿದವರನ್ನು ತಕ್ಷಣ ಮುಂದೆ ನಿಲ್ಲಿಸಬಾರದೆಂದು ತಿಮೊಥೆಯನಿಗೆ ಬರೆದ ಮೊದಲ ಪತ್ರದ ಮೂರನೆಯ ಅಧ್ಯಾಯದಲ್ಲೇ ಇದೆ. ಅಲ್ಲೇ ಕೆಳಗೆ ‘ಮೊದಲು ಪರೀಕ್ಷಿಸಿ’ ಎಂಬ ಮಾತೂ ಇದೆ, ಅದನ್ನು ಹಳಬರ ವಿಷಯದಲ್ಲಿ ನಾವು ಮರೆಯುತ್ತೇವೆ.

ಕಾಲ, ಗಂಟೆ, ಖರ್ಚು

ಹದಿನಾಲ್ಕು ಪಾಠ, ತಲಾ ಎರಡು ಗಂಟೆ. ಬಯಲುಸೀಮೆಯಲ್ಲಿ ಜನವರಿ ಎರಡನೇ ವಾರ ಶುರುಮಾಡಿ ಮೇ ಕೊನೆಗೆ ಮುಗಿಸುವುದು ಒಳ್ಳೆಯದು. ಮುಂಗಾರು ಬಿತ್ತನೆ ಬಂದರೆ ಯಾರೂ ಕೈಗೆ ಸಿಗುವುದಿಲ್ಲ. ನಡುವೆ ಪರೀಕ್ಷೆಯ ವಾರಗಳನ್ನೂ ಶುಭಶುಕ್ರವಾರದ ವಾರವನ್ನೂ ಬಿಡಿ. ಕಾಫಿ ತೋಟದ ಕಡೆ ಕೊಯ್ಲು ಮುಗಿಯುವ ತನಕ ಕಾಯಬೇಕು, ಅಲ್ಲಿ ಮಾರ್ಚ್‌ನಲ್ಲಿ ಶುರುಮಾಡಿ.

ಸಂಜೆ ಆರರಿಂದ ಎಂಟು ಎಂದು ಇಟ್ಟರೆ ಹೆಂಗಸರು ಬರುವುದಿಲ್ಲ, ಅದು ಅಡುಗೆಯ ಹೊತ್ತು. ಆಮೇಲೆ “ನಮ್ಮ ಹೆಂಗಸರಿಗೆ ಆಸಕ್ತಿಯಿಲ್ಲ” ಎಂದು ವರದಿ ಬರೆಯುವುದುಂಟು. ಭಾನುವಾರ ಮಧ್ಯಾಹ್ನ ಎರಡೂವರೆಯಿಂದ ನಾಲ್ಕೂವರೆ ಬಹುತೇಕ ಕಡೆ ನಡೆಯುತ್ತದೆ.

ಎರಡು ಗಂಟೆಯ ಹಂಚಿಕೆ ಹೀಗಿರಲಿ: ಪ್ರಾರ್ಥನೆ ಮತ್ತು ಕಳೆದ ವಾರ ಮಾಡಿದ ಕೆಲಸದ ವರದಿ 15 ನಿಮಿಷ, ವೇದಪಾಠ 35 ನಿಮಿಷ, ನಿಂತು ಅಭ್ಯಾಸ 50 ನಿಮಿಷ, ಮುಂದಿನ ವಾರದ ಕೆಲಸ ಹಂಚುವುದು 20 ನಿಮಿಷ. ಕಲಿಸುವವರು ಗಡಿಯಾರ ನೋಡದಿದ್ದರೆ ವೇದಪಾಠ ಒಂದೂವರೆ ಗಂಟೆಗೆ ಹಿಗ್ಗಿ ಅಭ್ಯಾಸವನ್ನು ನುಂಗುತ್ತದೆ. ಇದು ಎಲ್ಲಾ ಕಡೆ ಆಗುವ ತಪ್ಪು, ಅದರಲ್ಲೂ ಚೆನ್ನಾಗಿ ಮಾತಾಡುವ ಸಭಾಪಾಲಕರಿದ್ದಲ್ಲಿ.

ಖರ್ಚು ಹೆದರುವಷ್ಟಿಲ್ಲ. ಹತ್ತು ಜನಕ್ಕೆ ತಲಾ 20 ರೂಪಾಯಿಯ ಚಹಾ ತಿಂಡಿ ಎಂದರೆ ಹದಿನಾಲ್ಕು ವಾರಕ್ಕೆ 2,800. ನೋಟ್‌ಬುಕ್ಕಿಗೆ 500, ಜೆರಾಕ್ಸಿಗೆ 1,000. ಹಳ್ಳಿಯಿಂದ ಬರುವ ನಾಲ್ವರಿಗೆ ಹೋಗಿಬರಲು ತಲಾ 80ರಂತೆ 4,480. ಎಲ್ಲ ಸೇರಿ ಒಂಬತ್ತು ಸಾವಿರದೊಳಗೆ. ಬಸ್ ಖರ್ಚನ್ನು ಕೇಳುವ ಮೊದಲೇ ಕೊಟ್ಟುಬಿಡಿ. ಕೂಲಿ ಮಾಡುವವರು ಬಾಯಿಬಿಟ್ಟು ಕೇಳುವುದಿಲ್ಲ, ಬರುವುದನ್ನೇ ನಿಲ್ಲಿಸುತ್ತಾರೆ.

ಮನೆಯಲ್ಲಿ ಓದು, ವಾರಕ್ಕೊಮ್ಮೆ ಗುಂಪು, ನಡುವೆ ಸಭೆಯಲ್ಲಿ ಕೆಲಸ ಎಂಬ ಈ ಪದ್ಧತಿ ಹೊಸದೇನಲ್ಲ. 1963ರಲ್ಲಿ ಗ್ವಾಟೆಮಾಲಾದ ಪ್ರೆಸ್ಬಿಟೇರಿಯನ್ ಸೆಮಿನರಿಯೊಂದು (ಸಭಾಪಾಲಕರನ್ನು ತಯಾರು ಮಾಡುವ ಶಾಲೆ) ಹೊಲಮನೆ ಬಿಟ್ಟು ಬರಲಾಗದವರ ಬಳಿಗೆ ತಾನೇ ಹೋಗಿ ಕಲಿಸತೊಡಗಿತು. ಇದ್ದಲ್ಲಿಗೇ ದೇವಶಾಸ್ತ್ರ ಕಲಿಸುವ ಬೆಂಗಳೂರಿನ ಟ್ಯಾಫ್ಟಿ ಸಂಸ್ಥೆ ಅದೇ ದಾರಿಯಲ್ಲಿ ಹುಟ್ಟಿದ್ದು. ನಿಮ್ಮ ಗುಂಪಿನಲ್ಲಿ ಒಂದಿಬ್ಬರಿಗೆ ಆಳವಾಗಿ ಕಲಿಯುವ ಹಸಿವಿದ್ದರೆ ಆ ಕೋರ್ಸುಗಳಿವೆ, ದೇವಶಾಸ್ತ್ರದ ಪದವಿ ಕೊಡುವ ಸೆರಾಂಪುರ ಸೆನೆಟ್ಟಿನ ದೂರಶಿಕ್ಷಣ ಪದವಿಗಳಿವೆ, ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿ ವಿಚಾರಿಸಬಹುದು. ಆದರೆ ಎಲ್ಲರನ್ನೂ ಆ ಕಡೆ ತಳ್ಳಬೇಡಿ. ಲೆಕ್ಕ ಬರೆಯುವವರಿಗೆ ಗ್ರೀಕ್ ಬೇಕಿಲ್ಲ.

ಆರಾಧನೆ ನಡೆಸುವುದು: ನೋಡು, ಜೊತೆಗೆ ಮಾಡು, ಮಾಡಿ ತೋರಿಸು

ಎರಡು ಭಾನುವಾರ ಕಲಿಯುವವರು ಮುಂದಿನ ಬೆಂಚಿನಲ್ಲಿ ಪುಸ್ತಕ ತೆರೆದಿಟ್ಟು ನೋಡಲಿ. ಯಾವಾಗ ಸಭೆ ಏಳುತ್ತದೆ, ಯಾವ ಸಾಲನ್ನು ಎಲ್ಲರೂ ಹೇಳುತ್ತಾರೆ, ಗೀತೆ ಎಲ್ಲಿ ಬರುತ್ತದೆ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಲಿ. ಮುಂದಿನ ಮೂರು ಭಾನುವಾರ ಆರಾಧನೆಯ ಒಂದು ತುಂಡು ಅವರದು, ಉಳಿದದ್ದು ಅನುಭವಿಗಳದು. ಕೊನೆಯ ಎರಡು ವಾರ ಪೂರ್ತಿ ಅವರದೇ. ಕಲಿಸುವವರು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರಬೇಕು. ತಡವರಿಸಿದಾಗ ಕೂತಲ್ಲಿಂದಲೇ ತಿದ್ದುವ ಚಪಲ ಬಂದರೆ ನಾಲಿಗೆ ಕಚ್ಚಿಕೊಳ್ಳಿ. ಸಭೆಯೆದುರು ಒಮ್ಮೆ ತಿದ್ದಿಸಿಕೊಂಡವರು ಮತ್ತೆ ಮುಂದೆ ಬರುವುದಿಲ್ಲ.

ಏನು ಮಾಡಬಾರದು ಎಂಬುದನ್ನು ಮೊದಲ ಪಾಠದಲ್ಲೇ ಹೇಳಿ. ಪ್ರಭುಭೋಜನ (ರೊಟ್ಟಿ ದ್ರಾಕ್ಷಾರಸದ ಸಂಸ್ಕಾರ) ನಡೆಸುವುದು ದೀಕ್ಷೆ ಪಡೆದ ಸಭಾಪಾಲಕರ ಕೆಲಸ. ಮದುವೆ ಅಂತೂ 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯಡಿ ಅಧಿಕಾರವಿದ್ದವರು ಮಾತ್ರ ಮಾಡಿಸಬಹುದು, ‘ಅಯ್ಯನವರೇ ಹೇಳಿದ್ದಾರೆ’ ಎಂದರೂ ಆಗದು. ಪಾಪಕ್ಷಮೆಯ ಮಾತು ಮತ್ತು ಆಶೀರ್ವಾದದಲ್ಲಿ ಒಂದು ಅಕ್ಷರದ ವ್ಯತ್ಯಾಸವಿದೆ: ಸಭಾಪಾಲಕರು ಕೈಯೆತ್ತಿ ‘ನಿಮ್ಮೆಲ್ಲರ ಸಂಗಡ ಇರಲಿ’ ಎನ್ನುತ್ತಾರೆ, ಸಭಿಕರು ಕೈಯೆತ್ತದೆ ‘ನಮ್ಮೆಲ್ಲರ ಸಂಗಡ ಇರಲಿ’ ಎನ್ನಬೇಕು. ‘ನಿ’ ಎಂದಾಗ ಗುಸುಗುಸು ಶುರುವಾಗುವ ಸಭೆಗಳಿವೆ, ‘ನ’ ಎಂಬುದನ್ನು ಹತ್ತು ಸಲ ಹೇಳಿಸಿ.

ಪಾಠ ಓದುವುದನ್ನು ಯಾರೂ ಕಲಿಸುವುದಿಲ್ಲ, ಓದು ಬಂದರೆ ಸಾಕೆಂದು ಭಾವಿಸುತ್ತೇವೆ. ಸತ್ಯವೇದದ ಹಳೆಯ ಭಾಷಾಂತರದಲ್ಲಿ ವಾಕ್ಯಗಳು ಉದ್ದ, ಕ್ರಿಯಾಪದ ಕೊನೆಗೆ. ಉಸಿರು ಎಲ್ಲಿ ತೆಗೆಯಬೇಕೆಂದು ಮೊದಲೇ ಗೀಟು ಹಾಕದಿದ್ದರೆ ನಡುದಾರಿಯಲ್ಲಿ ಅರ್ಥ ಮುರಿಯುತ್ತದೆ. ಮಂಗಳೂರು ಕಡೆ ಮನೆಮಾತು ತುಳು, ಬಳ್ಳಾರಿ ಕೋಲಾರದ ಕಡೆ ತೆಲುಗು. ಇಂಥವರಿಗೆ ಶನಿವಾರ ರಾತ್ರಿ ಮನೆಯವರೆದುರು ಮೂರು ಸಲ ಗಟ್ಟಿಯಾಗಿ ಓದುವ ಕೆಲಸ ಕೊಡಿ. ಮೆಫೀಬೋಶೆತ, ನೆಬೂಕದ್ನೆಚ್ಚರನಂಥ ಹೆಸರುಗಳನ್ನು ತುಂಡು ಮಾಡಿ ಬರೆದುಕೊಳ್ಳಲಿ. ಪುಸ್ತಕ, ಅಧ್ಯಾಯ, ವಚನ ಹೇಳಿದ ಮೇಲೆ ಐದು ಎಣಿಸುವಷ್ಟು ಹೊತ್ತು ನಿಲ್ಲಬೇಕು. ಜನ ಪುಟ ತಿರುಗಿಸಬೇಡವೆ?

ಪ್ರಸಂಗ

ಹನ್ನೆರಡು ನಿಮಿಷ, ಒಂದೇ ವೇದಭಾಗ, ಒಂದೇ ಮಾತು. ಸೋಮವಾರ ಆ ಭಾಗವನ್ನು ಮೂರು ಸಲ ಓದಿ ಏನು ನಡೆಯಿತು ಎಂದಷ್ಟೇ ಬರೆಯಲಿ. ಬುಧವಾರದೊಳಗೆ ಪ್ರಸಂಗವನ್ನು ಒಂದು ವಾಕ್ಯದಲ್ಲಿ ಹೇಳಿ ಕಲಿಸುವವರಿಗೆ ವಾಟ್ಸಾಪ್ ಮಾಡಲಿ. ವಾಕ್ಯ ಬರದಿದ್ದರೆ ಪ್ರಸಂಗವೂ ಇಲ್ಲ, ಆ ವಾರ ಬೇರೆಯವರು ನಿಲ್ಲಲಿ.

ಲೂಕನ ಸುವಾರ್ತೆಯ 19ನೇ ಅಧ್ಯಾಯದ, ಯೇಸುವನ್ನು ನೋಡಲು ಮರ ಹತ್ತಿದ ಸುಂಕದವನಾದ ಜಕ್ಕಾಯನನ್ನು ತೆಗೆದುಕೊಳ್ಳಿ. ಹೊಸಬರ ಮೊದಲ ಪ್ರಯತ್ನ ಹೀಗಿರುತ್ತದೆ: ಸುಂಕದವರು ಮೋಸಗಾರರು, ಇಂದಿನ ಕಚೇರಿಗಳಲ್ಲೂ ಲಂಚ, ಮರ ಹತ್ತಿದ ಅವನಂತೆ ನಾವೂ ಹತ್ತಬೇಕು, ಯೋಬನೂ ಕಷ್ಟಪಟ್ಟ, ದಾವೀದನೂ ಹಾಗೆ, ಭಾನುವಾರ ತಡವಾಗಿ ಬರುವವರಿಗೆ ನಾಚಿಕೆಯಾಗಬೇಕು. ಆರು ವಿಷಯ, ಮೂವತ್ತು ನಿಮಿಷ. ಒಂದು ವಾಕ್ಯ ಬರೆಸಿದರೆ ಏನಾಗುತ್ತದೆ ನೋಡಿ: “ಯೇಸು ಜಕ್ಕಾಯನ ಮನೆಗೆ ಹೋಗುತ್ತೇನೆಂದದ್ದು ಅವನು ಸರಿಹೋಗುವ ಮುಂಚೆಯೇ.” ಈಗ ಮರ, ಲಂಚ, ಗುಣುಗುಟ್ಟುವ ಜನ ಎಲ್ಲವೂ ಈ ಮಾತಿಗೆ ಬಂದು ಕೂಡುತ್ತವೆ, ಯೋಬನಿಗೆ ಕೆಲಸವಿಲ್ಲ.

ಮನೆಯಲ್ಲಿ ಗಡಿಯಾರ ಇಟ್ಟು ಹತ್ತು ನಿಮಿಷಕ್ಕೆ ಮುಗಿದದ್ದು ಸಭೆಯಲ್ಲಿ ಹನ್ನೆರಡು ಹದಿಮೂರು ಆಗುತ್ತದೆ. ಪ್ರಸಂಗಪೀಠದಿಂದ ಯಾರನ್ನೂ ಬೈಯಬಾರದು, ಹೆಸರು ಹೇಳದೆಯೂ ಬೈಯಬಾರದು. ಚಿಕ್ಕ ಸಭೆಯಲ್ಲಿ ಯಾರಿಗೆಂದು ಎಲ್ಲರಿಗೂ ಗೊತ್ತಾಗುತ್ತದೆ.

ಪ್ರಸಂಗ ಮಾಡಿದವರಿಗೆ ಆಮೇಲೆ ತಪ್ಪು ಒಪ್ಪು ಹೇಳುವ ರೀತಿಗೆ ಅಪೊಸ್ತಲರ ಕೃತ್ಯಗಳ 18ನೇ ಅಧ್ಯಾಯವೇ ಮಾದರಿ. ಅಪೊಲ್ಲೋಸನು ಸಭಾಮಂದಿರದಲ್ಲಿ ಮಾತಾಡಿದ, ಪ್ರಿಸ್ಕಿಲ್ಲಳೂ ಅಕ್ವಿಲನೂ ಅವನನ್ನು ಪ್ರತ್ಯೇಕವಾಗಿ ಕರೆದುಕೊಂಡು ಹೋಗಿ ತಿಳಿಸಿದರು. ಭಾನುವಾರವೇ ಹೇಳಬೇಡಿ, ಆ ದಿನ ಅವರ ಎದೆ ಇನ್ನೂ ಹೊಡೆದುಕೊಳ್ಳುತ್ತಿರುತ್ತದೆ. ಮಂಗಳವಾರ ಮೂರು ಪ್ರಶ್ನೆ ಸಾಕು: ಕೇಳಿದವರಿಗೆ ಯಾವ ಒಂದು ಮಾತು ನೆನಪಿದೆ, ಎಲ್ಲಿ ದಾರಿ ತಪ್ಪಿತು, ಮುಂದಿನ ಸಲ ಏನನ್ನು ಬಿಡುತ್ತೀರಿ?

ಸಾವಿನ ಮನೆ

ಇದನ್ನು ಬಿಟ್ಟು ನಡೆಸಿದ ತರಬೇತಿ ಹಳ್ಳಿ ಸಭೆಯ ಉಪಯೋಗಕ್ಕೆ ಬರುವುದಿಲ್ಲ. ಸಾವು ಭಾನುವಾರ ನೋಡಿಕೊಂಡು ಬರುವುದಿಲ್ಲ, ಸಭಾಪಾಲಕರು ನಲವತ್ತು ಕಿಲೋಮೀಟರ್ ದೂರದಲ್ಲಿದ್ದಾಗ ಫ್ರೀಜರ್ ಪೆಟ್ಟಿಗೆ ಇಲ್ಲದ ಊರಿನಲ್ಲಿ ದೇಹವನ್ನು ಇಡಲಾಗದು. ಮೊದಲು ಅವರಿಗೆ ಫೋನ್ ಮಾಡಿ ಒಪ್ಪಿಗೆ ಪಡೆಯಬೇಕು. ಶವಸಂಸ್ಕಾರದ ಕ್ರಮದ ಪುಸ್ತಕ ಪ್ರತಿ ಹಳ್ಳಿಯಲ್ಲಿ ಒಂದು ಇರಲಿ, ದೊಡ್ಡಕ್ಷರದ ಜೆರಾಕ್ಸ್ ಆದರೆ ಇನ್ನೂ ಮೇಲು, ಸಂಜೆ ಬೆಳಕಿನಲ್ಲಿ ಗುಂಡಿಯ ಪಕ್ಕ ನಿಂತು ಓದಬೇಕಲ್ಲ. ತರಬೇತಿಯ ಒಂದು ಪಾಠವನ್ನು ಸ್ಮಶಾನದಲ್ಲೇ ನಡೆಸಿ: ಎಲ್ಲಿ ನಿಲ್ಲಬೇಕು, ‘ಮಣ್ಣಿಗೆ ಮಣ್ಣು’ ಎನ್ನುವಾಗ ಯಾರು ಮೊದಲು ಮಣ್ಣು ಹಾಕುತ್ತಾರೆ, ಮನೆಯವರು ಅಳುವಾಗ ಎಷ್ಟು ಹೊತ್ತು ಸುಮ್ಮನಿರಬೇಕು.

ಸಾವಿನ ಮನೆಯಲ್ಲಿ ಉದ್ದ ಪ್ರಸಂಗ ಬೇಡ, “ದೇವರಿಗೆ ಬೇಕಾಗಿತ್ತು, ಕರೆದುಕೊಂಡರು” ಎಂಬ ಸಮಾಧಾನವಂತೂ ಬೇಡವೇ ಬೇಡ. ಹೆಸರು, ವಯಸ್ಸು, ತಾರೀಖನ್ನು ಬರೆದು ಸಭೆಯ ರಿಜಿಸ್ಟರಿಗೆ ಮುಟ್ಟಿಸಬೇಕು. ಮರಣ ನೋಂದಣಿಗೆ 21 ದಿನದ ಗಡುವಿದೆ ಎಂದು ಮನೆಯವರಿಗೆ ಮೂರನೇ ದಿನದ ಪ್ರಾರ್ಥನೆ ಹೊತ್ತಿಗಾದರೂ ನೆನಪಿಸಬೇಕು. ಪಿಂಚಣಿ, ಪಹಣಿ, ವಿಮೆ ಎಲ್ಲದಕ್ಕೂ ಆ ಕಾಗದ ಬೇಕು.

ಕಾಣಿಕೆ ಮತ್ತು ಬೆಳೆಹಬ್ಬದ ಹರಾಜು

ಸಂಬಂಧಿಕರಲ್ಲದ ಇಬ್ಬರು, ಆರಾಧನೆ ಮುಗಿದ ತಕ್ಷಣ, ಸಭಾಕೋಣೆಯಲ್ಲೇ ಎಣಿಸಬೇಕು. ಯಾವ ನೋಟು ಎಷ್ಟು, ಚಿಲ್ಲರೆ ಎಷ್ಟು ಎಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ, ಮುಂದಿನ ಕೆಲಸದ ದಿನ ಬ್ಯಾಂಕಿಗೆ ಕಟ್ಟಬೇಕು. ಎಣಿಸಿದ ಹಣದಿಂದಲೇ ಎಲೆಕ್ಟ್ರಿಷಿಯನ್ನನಿಗೆ ಕೊಟ್ಟು ಉಳಿದದ್ದನ್ನು ಬರೆಯುವುದು ಹಲವು ಖಜಾಂಚಿಗಳ ಅಭ್ಯಾಸ. ಮೋಸದ ಉದ್ದೇಶವಿರುವುದಿಲ್ಲ, ಆದರೆ ಆಡಿಟ್ ಹೊತ್ತಿಗೆ ಮನುಷ್ಯನ ಮರ್ಯಾದೆ ಹೋಗುತ್ತದೆ. ಬಂದದ್ದು ಪೂರ್ತಿ ಬರೆಯಿರಿ, ಖರ್ಚನ್ನು ಬೇರೆ ವೋಚರಿನಲ್ಲಿ ತೋರಿಸಿ.

ಬೆಳೆಹಬ್ಬದಲ್ಲಿ ಜನ ಕಾಣಿಕೆಯಾಗಿ ತಂದ ಬೆಳೆ, ಕೋಳಿಗಳನ್ನು ಸಭೆಗಾಗಿ ಹರಾಜು ಹಾಕುವಾಗ ಒಂದು ಕುಂಬಳಕಾಯಿ ಸ್ಪರ್ಧೆಗೆ ಬಿದ್ದು ಸಾವಿರಾರು ರೂಪಾಯಿಗೆ ಹೋಗುತ್ತದೆ. ಚಪ್ಪಾಳೆ ಆ ದಿನವೇ, ಹಣ ಮಾತ್ರ ಕ್ರಿಸ್ಮಸ್ ಕಳೆದರೂ ಬಂದಿರುವುದಿಲ್ಲ. ಹೊಸ ಖಜಾಂಚಿಗೆ ಹರಾಜಿಗೆಂದೇ ಒಂದು ಪುಸ್ತಕ ಕೊಡಿ: ವಸ್ತು, ಕೂಗಿದವರು, ಮೊತ್ತ, ಅಲ್ಲೇ ಕೊಟ್ಟದ್ದು, ಬಾಕಿ, ಕೊಡುವ ದಿನ, ಸಹಿ. ಕೋಳಿ ಕೈಗೆ ಕೊಡುವ ಮೊದಲು ಸಹಿ.

ವಿದೇಶದಲ್ಲಿರುವ ಊರವರು ಛಾವಣಿಗೆಂದು ಹಣ ಕಳಿಸುವುದುಂಟು. ಕಳಿಸುವವರ ಬಳಿ ಇನ್ನೂ ಭಾರತದ ಪಾಸ್‌ಪೋರ್ಟ್ ಇದ್ದು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಅವರು ಬೇರೆ ದೇಶದ ಪೌರತ್ವ ಪಡೆದಿದ್ದರೆ, ಒ.ಸಿ.ಐ. (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ಎಫ್.ಸಿ.ಆರ್.ಎ. (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿಯಿಲ್ಲದ ಖಾತೆಗೆ ತೆಗೆದುಕೊಳ್ಳುವಂತಿಲ್ಲ. ಅನುಮಾನವಿದ್ದರೆ ಹಣ ಬರುವ ಮುಂಚೆ ಡಯಾಸಿಸ್ (ಬಿಷಪ್ಪರ ಆಡಳಿತ ಪ್ರಾಂತ) ಕಚೇರಿಯನ್ನು ಕೇಳಿ, ಬಂದ ಮೇಲಲ್ಲ.

ಮಕ್ಕಳ ಜೊತೆ ಕೆಲಸ ಮಾಡುವವರು

ಭಾನುವಾರ ಶಾಲೆಯ ಪ್ರತಿ ಕೋಣೆಯಲ್ಲಿ ಇಬ್ಬರು ದೊಡ್ಡವರು, ಬಾಗಿಲು ತೆರೆದು. ಒಂದು ಮಗುವನ್ನು ಒಬ್ಬರೇ ಬೈಕಿನಲ್ಲಿ ಮನೆಗೆ ಬಿಡುವುದಿಲ್ಲ. ಹದಿನೆಂಟು ತುಂಬದ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದೇ ಅಪರಾಧ. ‘ಕಮಿಟಿಯಲ್ಲಿ ಕೂತು ಬಗೆಹರಿಸೋಣ, ಸಭೆಯ ಹೆಸರು ಕೆಡುತ್ತದೆ’ ಎನ್ನುವ ಹಿರಿಯರು ಇರುತ್ತಾರೆ. ಅವರೆದುರು ಏನು ಹೇಳಬೇಕೆಂದು ಮೊದಲೇ ಅಭ್ಯಾಸ ಮಾಡಿಸಿ, ಒಬ್ಬರು ಹಿರಿಯರ ಪಾತ್ರ ವಹಿಸಲಿ.

ಮುಗಿದ ಮೇಲೆ

ಒಂದು ಭಾನುವಾರ ಸಭೆಯೆದುರು ಪ್ರಾರ್ಥಿಸಿ ಕೆಲಸ ಒಪ್ಪಿಸಿ. ಪತ್ರದಲ್ಲಿ ಕೆಲಸದ ಹೆಸರು ಮತ್ತು ಅವಧಿ ಸ್ಪಷ್ಟವಾಗಿರಲಿ, ಎರಡು ವರ್ಷ ಸಾಕು. ಅವಧಿ ಬರೆಯದಿದ್ದರೆ ಹೊಂದದವರನ್ನು ಇಳಿಸುವುದಕ್ಕೆ ಜಗಳವೇ ಬೇಕಾಗುತ್ತದೆ. ಪ್ರಸಂಗ ಮಾಡುವವರಿಗೆ ಬಿಷಪ್ಪರ ಅನುಮತಿ ಪತ್ರ ಬೇಕೆಂಬ ನಿಯಮ ನಿಮ್ಮ ಡಯಾಸಿಸಿನಲ್ಲಿದ್ದರೆ ಈ ಹಂತದಲ್ಲೇ ಅರ್ಜಿ ಹಾಕಿ.

ಕಲಿತ ಹುಡುಗ ಹುಡುಗಿಯರು ಬೆಂಗಳೂರಿಗೆ ಹೋಗುತ್ತಾರೆ. ಅದಕ್ಕೆ ಬೇಸರಪಡುವ ಬದಲು ಅಲ್ಲಿ ಸೇರುವ ಸಭೆಯ ಸಭಾಪಾಲಕರಿಗೆ “ಇವರಿಗೆ ಇಂಥ ಕೆಲಸ ಬರುತ್ತದೆ” ಎಂದು ಕಾಗದ ಕೊಟ್ಟು ಕಳಿಸಿ. ಎರಡನೇ ವರ್ಷದ ತಂಡಕ್ಕೆ ಮೊದಲ ವರ್ಷದವರೇ ಕಲಿಸಲಿ, ಸಭಾಪಾಲಕರು ಒಂದು, ಏಳು, ಹದಿನಾಲ್ಕನೇ ಪಾಠಕ್ಕೆ ಬಂದರೆ ಸಾಕು.

ಸಭಾಪಾಲಕರಿಗೆ ವರ್ಗಾವಣೆ ಬಂದಾಗ ಇಂಥ ಕೆಲಸಗಳು ಸಾಯುವುದು ಹೆಚ್ಚು, ಏಕೆಂದರೆ ಎಲ್ಲವೂ ಅವರ ತಲೆಯಲ್ಲಿರುತ್ತದೆ. ಕಮಿಟಿಯ ನಡಾವಳಿಯಲ್ಲಿ ತರಬೇತಿಯ ನಿರ್ಣಯ ಬರೆದು, ಬೇರೆ ಒಂದು ಫೈಲ್ ಇಡಿ: ಕಲಿತವರ ಪಟ್ಟಿ, ಪ್ರತಿಯೊಬ್ಬರ ಕೆಲಸ ಮತ್ತು ಅವಧಿ, ಹದಿನಾಲ್ಕು ಪಾಠಗಳ ಹಾಳೆ, ಖರ್ಚಿನ ಲೆಕ್ಕ. ಹೊಸ ಅಯ್ಯನವರು ಸಾಮಾನು ಇಳಿಸಿದ ವಾರವೇ ಕಾರ್ಯದರ್ಶಿ ಅದನ್ನು ಒಯ್ದು ಕೊಡಲಿ. ಬರುವ ಮೂರು ತಿಂಗಳು ಯಾವ ಹಳ್ಳಿಯಲ್ಲಿ ಯಾವ ಭಾನುವಾರ ಯಾರು ಆರಾಧನೆ ನಡೆಸುತ್ತಾರೆ ಎಂಬ ಪಟ್ಟಿ ಆ ಫೈಲಿನ ಮೊದಲ ಹಾಳೆ.